ಟ್ಯೂಬಿಂಗೆನ್‌ನಲ್ಲಿ ಹಳೆಯ ಗೆಳೆಯರ ಮನೆಗೆ: ವೀಸಾದಿಂದ ದೋಣಿಯವರೆಗೆ ಸಮಗ್ರ ಮಾರ್ಗದರ್ಶಿ

ಧಾರವಾಡದ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆ ಹಂಚಿಕೊಂಡಿದ್ದವಳು ಇಪ್ಪತ್ತು ವರ್ಷದಿಂದ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿದ್ದಾಳೆ. ಜೀವಶಾಸ್ತ್ರದ ಪ್ರಯೋಗಾಲಯಕ್ಕೆಂದು ಹೋದವಳು ಅಲ್ಲಿಯವನನ್ನೇ ಮದುವೆಯಾಗಿ ಉಳಿದುಬಿಟ್ಟಳು. "ನೀ ಬರೂದಷ್ಟ ಮಾಡು, ಉಳಿದದ್ದು ನಾ ನೋಡ್ಕೋತೀನಿ" ಎಂದು ವರ್ಷಗಟ್ಟಲೆ ಫೋನಿನಲ್ಲಿ ಕರೆಯುತ್ತಿದ್ದಳು. ಮೊದಲ ಸಲ ಹೋದಾಗ ನಾನು ಆ ಮಾತನ್ನು ಹಾಗೆಯೇ ನಂಬಿ, ಎಲ್ಲವನ್ನೂ ಅವಳ ತಲೆಗೆ ಕಟ್ಟಿದೆ. ನಾಲ್ಕನೇ ದಿನಕ್ಕೆ ಅವಳ ರಜೆ ಮುಗಿದಿತ್ತು, ತಾಳ್ಮೆಯೂ ಮುಗಿಯುತ್ತ ಬಂದಿತ್ತು. ಚರ್ಚು ನೋಡಿದ್ದಾಯಿತು, ಕೋಟೆ ನೋಡಿದ್ದಾಯಿತು. ಕೂತು ಎರಡು ಮಾತಾಡಲು ಮಾತ್ರ ಆಗಿರಲಿಲ್ಲ.

ಆಮೇಲೆ ಇನ್ನೂ ಎರಡು ಸಲ ಹೋಗಿ ಬಂದೆ, ಬೇರೆಯದೇ ರೀತಿಯಲ್ಲಿ. ಊರನ್ನು ಹಗಲು ಹೊತ್ತು ಒಬ್ಬಳೇ ನೋಡುವುದು, ಗೆಳತಿಯನ್ನು ಸಂಜೆ ಮತ್ತು ವಾರಾಂತ್ಯಕ್ಕೆ ಮೀಸಲಿಡುವುದು. ಈ ಮಾರ್ಗದರ್ಶಿಯ ಬೆನ್ನುಮೂಳೆ ಅದೇ. ಟ್ಯೂಬಿಂಗೆನ್ ಇದಕ್ಕೆ ಹೇಳಿ ಮಾಡಿಸಿದ ಊರು. ಸುಮಾರು 90 ಸಾವಿರ ಜನ, ಅವರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳು. ಹಳೆಯ ಪೇಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲು ಗಂಟೆಯ ನಡಿಗೆ. ದಾರಿ ತಪ್ಪಿದರೂ ಇಳಿಜಾರಿನಲ್ಲಿ ಇಳಿಯುತ್ತ ಹೋದರೆ ಒಂದೋ ನೆಕ್ಕಾರ್ ನದಿ ಸಿಗುತ್ತದೆ, ಇಲ್ಲವೇ ಆಮ್ಮರ್ ಕಾಲುವೆ.

ಹಂತ 1: ಟಿಕೆಟ್ಟಿಗಿಂತ ಮೊದಲು ಅವರ ಕ್ಯಾಲೆಂಡರ್

ನಮ್ಮಲ್ಲಿ "ಯಾವಾಗ ಬೇಕಾದರೂ ಬಾ" ಎಂದರೆ ಯಾವಾಗ ಬೇಕಾದರೂ ಎಂದೇ ಅರ್ಥ. ಜರ್ಮನಿಯಲ್ಲಿ ಇಪ್ಪತ್ತು ವರ್ಷ ಇದ್ದವರ ಬಾಯಲ್ಲಿ ಅದೇ ಮಾತಿಗೆ "ಐದು ತಿಂಗಳು ಮೊದಲು ಹೇಳಿದರೆ" ಎಂಬ ಬಾಲ ಅಂಟಿಕೊಂಡಿರುತ್ತದೆ. ಬಾಲ ಕೇಳಿಸುವುದಿಲ್ಲ, ನಾವೇ ತಿಳಿದುಕೊಳ್ಳಬೇಕು. ಮೂರು ಪ್ರಶ್ನೆ ನೇರವಾಗಿ ಕೇಳಿ: ಯಾವ ವಾರ ನಿಮಗೆ ಕೆಲಸ ಕಡಿಮೆ? ಆ ವಾರದಲ್ಲಿ ಯಾವ ಸಂಜೆಗಳು ಖಾಲಿ? ನಾನು ಎಷ್ಟು ರಾತ್ರಿ ಉಳಿಯಬಹುದು? ಮೂರನೆಯದನ್ನು ಕೇಳಲು ನಮಗೆ ಮುಜುಗರ, ಉತ್ತರ ಹೇಳಲು ಅವರಿಗೆ ಇಲ್ಲ. ನೆಂಟರೂ ಮೀನೂ ಮೂರು ದಿನಕ್ಕೆ ನಾರುತ್ತವೆ ಎಂಬ ಗಾದೆ ಅಲ್ಲಿ ಚಾಲ್ತಿಯಲ್ಲಿದೆ. ಹಳೆಯ ಸ್ನೇಹವಾದರೆ ಐದು ರಾತ್ರಿ ತಡೆದೀತು. ನಡುವೆ ಒಂದು ಶನಿವಾರ, ಭಾನುವಾರ ಬರುವಂತೆ ನೋಡಿಕೊಳ್ಳಿ. ಅದಕ್ಕಿಂತ ಹೆಚ್ಚು ದಿನ ಇರುವುದಾದರೆ ಹತ್ತಿರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ. ಸ್ನೇಹ ಉಳಿಸಲು ಅದು ಅಗ್ಗದ ದಾರಿ.

ಕಾಲ ಯಾವುದು? ದೋಣಿ ಬೇಕೆಂದರೆ ಮೇಯಿಂದ ಸೆಪ್ಟೆಂಬರ್. ಅಕ್ಟೋಬರಿನಲ್ಲಿ ಹೊಸ ದ್ರಾಕ್ಷಾರಸ ಮತ್ತು ಬಿಸಿ ಈರುಳ್ಳಿ ಕೇಕು. ಡಿಸೆಂಬರಿನಲ್ಲಿ ಹಳೆಯ ಪೇಟೆ ತುಂಬ ಚಾಕೊಲೆಟ್ ಜಾತ್ರೆ, ಆದರೆ ನಾಲ್ಕೂವರೆಗೆಲ್ಲ ಕತ್ತಲು. ಆಗಸ್ಟ್, ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಕ್ಕೆ ರಜೆ. ಊರು ನಿದ್ದೆಗಣ್ಣಲ್ಲಿರುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ಜೂನ್.

ಹಂತ 2: ವೀಸಾ, ಮತ್ತು ಗೆಳೆಯರಿಂದ ಏನು ಕೇಳಬಾರದು

ಬೇಕಾದದ್ದು ಅಲ್ಪಾವಧಿಯ ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವಂಥದ್ದು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಇರಲು ಅವಕಾಶ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತಡವೆಂದರೂ 15 ದಿನ ಮೊದಲು. ಅಷ್ಟು ತಡ ಮಾಡಬೇಡಿ, ಬೇಸಿಗೆ ರಜೆಗೆ ಮುಂಚೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, ಜೊತೆಗೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ.

ಗೆಳೆಯರಿಂದ ಒಂದು ಆಹ್ವಾನ ಪತ್ರ ತರಿಸಿಕೊಳ್ಳಿ: ನಿಮ್ಮ ಪರಿಚಯ ಹೇಗೆ, ಎಂದಿನಿಂದ ಎಂದಿನವರೆಗೆ ಉಳಿಯುತ್ತೀರಿ, ಮನೆಯ ವಿಳಾಸ, ಅವರ ಗುರುತಿನ ಅಥವಾ ವಾಸದ ಪರವಾನಗಿಯ ಪ್ರತಿ. ಇದಕ್ಕೆ ಅರ್ಧ ಗಂಟೆ ಸಾಕು. ಇನ್ನೊಂದು ಕಾಗದವಿದೆ, ಅದರ ಹೆಸರೇ ನಾಲಿಗೆ ಹೊರಳದಂಥದ್ದು: ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್. ನಿಮ್ಮ ಖರ್ಚೆಲ್ಲ ತಮ್ಮದೆಂದು ಅವರು ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಮುಚ್ಚಳಿಕೆ ಅದು. ಬರೀ ಔಪಚಾರಿಕವಲ್ಲ. ನಿಮ್ಮಿಂದ ಅಲ್ಲಿನ ಸರ್ಕಾರಕ್ಕೆ ಖರ್ಚು ಬಂದರೆ ಅವರೇ ಕಟ್ಟಬೇಕಾಗುತ್ತದೆ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ತೋರಿಸಲು ಆಗುವುದಾದರೆ ಇದನ್ನು ಕೇಳಬೇಡಿ. ಸ್ನೇಹದ ಮೇಲೆ ಅಷ್ಟು ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ.

ಹಂತ 3: ಗಂಟು ಕಟ್ಟುವುದು

ಇಲ್ಲಿ ಬಹಳ ಜನ ಎಡವುತ್ತಾರೆ. ಧಾರವಾಡದ ಪೇಢೆ ಒಯ್ಯುವಂತಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವುದು ನಿಷಿದ್ಧ. ಅಂದರೆ ಪೇಢೆ, ಕುಂದಾ, ತುಪ್ಪ, ಖೋವಾ ಎಲ್ಲವೂ ಕಸ್ಟಮ್ಸ್ ಬುಟ್ಟಿಗೆ. ಹಸಿ ಕರಿಬೇವು, ಮಾವಿನ ಹಣ್ಣು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹೋಗುವುದಿಲ್ಲ. "ನಮ್ಮವರು ತಂದಿದ್ದರಲ್ಲ" ಎನ್ನುವವರು ಸಿಗುತ್ತಾರೆ. ತಂದಿರಬಹುದು, ಸಿಕ್ಕಿಬಿದ್ದವರು ಹೇಳಿಕೊಂಡು ತಿರುಗುವುದಿಲ್ಲ.

ಒಯ್ಯಬಹುದಾದದ್ದು: ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮಸಾಲೆ ಖಾರ, ಸಾರಿನ ಪುಡಿ, ಕಡಕ್ ಜೋಳದ ರೊಟ್ಟಿ, ಎಣ್ಣೆಯಲ್ಲಿ ಬೇಯಿಸಿದ ಶೇಂಗಾ ಹೋಳಿಗೆ, ಚಿಕ್ಕಿ. ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಒಯ್ಯಿ, ಇಲ್ಲವಾದರೆ ತಲುಪುವುದು ರೊಟ್ಟಿಯ ಪುಡಿ. ಪುಡಿಗಳನ್ನು ಎರಡು ಸುತ್ತು ಪ್ಯಾಕ್ ಮಾಡಿ ಚೆಕ್‌ಇನ್ ಸಾಮಾನಿನಲ್ಲಿಡಿ. ನಾನು ಒಂದು ಕಿಲೋ ಶೇಂಗಾ ಚಟ್ನಿ ಒಯ್ದಿದ್ದೆ, ಜಾಸ್ತಿಯಾಯಿತೇನೋ ಎಂದುಕೊಂಡು.

ಮನೆಯಲ್ಲಿ ಜರ್ಮನರೂ ಇದ್ದರೆ ಅವರಿಗೆ ಬೇರೆ ಉಡುಗೊರೆ ಬೇಕು. ದೊಡ್ಡದಲ್ಲ. ಇಳಕಲ್ ಸೀರೆಯ ಬಟ್ಟೆಯಲ್ಲಿ ಹೊಲಿದ ಮೇಜಿನ ಹಾಸು, ಕೊಡಗಿನ ಕಾಫಿ, ಚನ್ನಪಟ್ಟಣದ ಗೊಂಬೆ ನಡೆಯುತ್ತವೆ. ಬೆಳ್ಳಿ ಲೋಟ ಕೊಟ್ಟರೆ ತಿರುಗಿ ಏನು ಕೊಡಬೇಕೆಂದು ಅವರು ಆರು ತಿಂಗಳು ಚಿಂತೆ ಮಾಡುತ್ತಾರೆ.

ಹಂತ 4: ತಲುಪುವುದು

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನವಿದೆ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡೇ ದೂರದ ರೈಲುಗಳ ನಿಲ್ದಾಣ. ಸ್ಟುಟ್‌ಗಾರ್ಟಿಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ, ಅಲ್ಲಿಂದ ಪ್ರಾದೇಶಿಕ ರೈಲಿನಲ್ಲಿ ಟ್ಯೂಬಿಂಗೆನ್‌ಗೆ ಹೆಚ್ಚೂಕಡಿಮೆ ಒಂದು ಗಂಟೆ. ಸ್ಟುಟ್‌ಗಾರ್ಟ್ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕಾಮಗಾರಿ 2010ರಲ್ಲಿ ಶುರುವಾದದ್ದು, ಸ್ಥಳೀಯರಿಗೆ ಅದೊಂದು ಮುಗಿಯದ ಜೋಕು. ಪ್ಲಾಟ್‌ಫಾರ್ಮ್ ಬದಲಿಸಲು ದೂರ ನಡೆಯಬೇಕಾಗುತ್ತದೆ. ರೈಲು ಬದಲಿಸಲು ಕನಿಷ್ಠ ಅರ್ಧ ಗಂಟೆ ಇಟ್ಟುಕೊಳ್ಳಿ. ಜರ್ಮನಿಯ ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ ಎಂಬ ನಂಬಿಕೆಯನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಿ. ಸ್ಟುಟ್‌ಗಾರ್ಟಿನ ವಿಮಾನ ನಿಲ್ದಾಣಕ್ಕೇ ಇಳಿದರೆ ಟ್ಯೂಬಿಂಗೆನ್‌ಗೆ ನೇರ ಬಸ್ಸಿದೆ, ಸಾಮಾನು ಹೆಚ್ಚಿದ್ದವರಿಗೆ ಅದೇ ಸುಖ.

ದೇಶವಿಡೀ ಸ್ಥಳೀಯ ಬಸ್ಸು, ಪ್ರಾದೇಶಿಕ ರೈಲಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಅದು ಚಂದಾ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿನದೂ ಕತ್ತರಿಸುತ್ತಾರೆ. ವೇಗದ ರೈಲಿಗೆ ಅದು ನಡೆಯುವುದಿಲ್ಲ. ಐದು ದಿನಕ್ಕೆ ಅದು ಬೇಡ. ಊರಿನೊಳಗೆ ಕಾಲಿದೆ, ಹೊರಗೆ ಹೋಗುವ ದಿನಕ್ಕೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ಒಂದು ದಿನದ ಟಿಕೆಟ್ಟಿದೆ. ಐದು ಜನರವರೆಗೆ ಒಂದೇ ಟಿಕೆಟ್ಟಿನಲ್ಲಿ ಸೇರಬಹುದು, ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ.

ಹಂತ 5: ಮನೆಯೊಳಗಿನ ಪಾಠ

ಗೆಳತಿಯ ಮನೆ ಫ್ರೆಂಚ್ ಬಡಾವಣೆಯಲ್ಲಿದೆ. ಎರಡನೇ ಮಹಾಯುದ್ಧ ಮುಗಿಯುವಾಗ ಈ ಭಾಗವನ್ನು ಹಿಡಿದದ್ದು ಫ್ರೆಂಚ್ ಸೈನ್ಯ. 1990ರ ದಶಕದ ಆರಂಭದವರೆಗೂ ಅವರು ಇಲ್ಲೇ ಬೀಡುಬಿಟ್ಟಿದ್ದರು. ಅವರು ಖಾಲಿ ಮಾಡಿದ ಬ್ಯಾರಕ್ಕುಗಳ ಜಾಗದಲ್ಲಿ ಎದ್ದ, ಮಕ್ಕಳು, ಸೈಕಲ್ಲುಗಳು ತುಂಬಿದ ಬಡಾವಣೆ ಇದು.

ಮೊದಲ ಪಾಠ ಕೀಲಿಯದು. ಅಲ್ಲಿನ ಮನೆ ಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ಕೀಲಿಯಿಲ್ಲದೆ ತೆರೆಯದು. ಎರಡನೇ ದಿನ ಕಸ ಹಾಕಿ ಬರೋಣವೆಂದು ಹವಾಯಿ ಚಪ್ಪಲಿಯಲ್ಲಿ ಇಳಿದೆ. ಹಿಂದೆ ಗಾಳಿಗೆ ಬಾಗಿಲು ಧಡ್ ಎಂದಿತು. ಫೋನು ಒಳಗೆ, ಗೆಳತಿ ಪ್ರಯೋಗಾಲಯದಲ್ಲಿ. ಕೆಳಮನೆಯ ಅಜ್ಜಿಯ ಬಳಿ ಇನ್ನೊಂದು ಕೀಲಿ ಇತ್ತೆಂಬುದು ನನ್ನ ಪುಣ್ಯ. ಬೀಗ ತೆಗೆಯುವವನನ್ನು ಕರೆಸಿದ್ದರೆ ವಿಮಾನದ ಟಿಕೆಟ್ಟಿನ ಕಾಲು ಭಾಗ ಹೋಗುತ್ತಿತ್ತು. ಹೋದ ದಿನವೇ ನಿಮ್ಮದೊಂದು ಕೀಲಿ ಕೇಳಿ ಪಡೆದು ಕೊರಳಿಗೆ ಹಾಕಿಕೊಳ್ಳಿ.

ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ತೂತಿರುವುದಿಲ್ಲ. ಷವರಿನ ಪರದೆ ಅಥವಾ ಗಾಜಿನೊಳಗೇ ಸ್ನಾನ, ನೆಲ ಒಣಗಿರಬೇಕು. ಒಗ್ಗರಣೆಗೆ ಸಾಸಿವೆ ಹಾಕುವ ಮುನ್ನ ಕಿಟಕಿ ತೆಗೆಯಿರಿ, ಹೊಗೆಯ ಅಲಾರಂ ಮಲಗುವ ಕೋಣೆಯಲ್ಲೇ ಇರುತ್ತದೆ. ಕಸವನ್ನು ಕಾಗದ, ಹಸಿ, ಪ್ಯಾಕಿಂಗ್, ಉಳಿದದ್ದು ಎಂದು ಬೇರೆ ಮಾಡಬೇಕು. ಗಾಜಿನ ಬಾಟಲಿಗೆ ಬೀದಿಯಲ್ಲಿ ಬೇರೆಯೇ ತೊಟ್ಟಿ, ಭಾನುವಾರ ಅದಕ್ಕೆ ಹಾಕಬಾರದು, ಸದ್ದಾಗುತ್ತದೆ. ಠೇವಣಿ ಇರುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳನ್ನು ಎಸೆಯಲೇಬೇಡಿ. ಒಂದಕ್ಕೆ 25 ಸೆಂಟು, ಅಂಗಡಿಯ ಯಂತ್ರಕ್ಕೆ ಕೊಟ್ಟರೆ ಚೀಟಿ ಬರುತ್ತದೆ.

ಇದು ಶ್ವಾಬಿಯ, ಜರ್ಮನಿಯೊಳಗೂ ಮಿತವ್ಯಯಕ್ಕೆ, ಅಚ್ಚುಕಟ್ಟಿಗೆ ಹೆಸರಾದ ಸೀಮೆ. ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸುವ ಪಾಳಿಗೆ ಕೇರ್‌ವೊಖೆ ಎನ್ನುತ್ತಾರೆ. ಆ ವಾರ ಗೆಳತಿಯ ಪಾಳಿ. ಅವಳು ಬರುವಷ್ಟರಲ್ಲಿ ನಾನು ಮೆಟ್ಟಿಲು ಗುಡಿಸಿ ಒರೆಸಿದ್ದೆ. ನಾನು ಒಯ್ದ ಯಾವ ಉಡುಗೊರೆಗೂ ಅವಳ ಗಂಡ ಅಷ್ಟು ಖುಷಿಪಟ್ಟಿರಲಿಲ್ಲ.

ಹಂತ 6: ಮೊದಲ ಹಗಲು, ಒಬ್ಬರೇ

ಎಬೆರ್‌ಹಾರ್ಡ್ ಸೇತುವೆಯಿಂದ ಶುರು ಮಾಡಿ. ನಡುವೆ ನಿಂತು ಪಶ್ಚಿಮಕ್ಕೆ ನೋಡಿದರೆ ಹಳದಿ, ಗುಲಾಬಿ, ಕಾವಿ ಬಣ್ಣದ ಮನೆಗಳ ಸಾಲು ನದಿಗೆ ಮುಖ ಮಾಡಿ ನಿಂತಿರುತ್ತದೆ. ಟ್ಯೂಬಿಂಗೆನ್‌ನ ಎಲ್ಲ ಚಿತ್ರಕಾರ್ಡುಗಳೂ ಇಲ್ಲಿಂದ ತೆಗೆದವೇ. ಮಹಾಯುದ್ಧದಲ್ಲಿ ಹತ್ತಿರದ ಸ್ಟುಟ್‌ಗಾರ್ಟ್ ನುಚ್ಚುನೂರಾಯಿತು, ಈ ಹಳೆಯ ಪೇಟೆ ಬಹುಪಾಲು ಉಳಿಯಿತು. ಹಾಗಾಗಿ ಇಲ್ಲಿ ಕಾಣುವ ಮರದ ಚೌಕಟ್ಟಿನ ಮನೆಗಳು ಮತ್ತೆ ಕಟ್ಟಿದ ಗೊಂಬೆಮನೆಗಳಲ್ಲ, ಜನ ಹುಟ್ಟಿ ಸತ್ತ ಮನೆಗಳು.

ಸೇತುವೆಯಿಂದ ಏರುತ್ತ ಹೋದರೆ ಹೋಲ್ಟ್ಸ್‌ಮಾರ್ಕ್ಟ್ ಚೌಕ, ಎದುರಿಗೆ ಸಂತ ಜಾರ್ಜನ ಷ್ಟಿಫ್ಟ್‌ಕಿರ್ಖೆ. ಚರ್ಚಿನ ಈಗಿನ ರೂಪಕ್ಕೆ ಅಡಿಪಾಯ ಬಿದ್ದದ್ದು 1470ರಲ್ಲಿ. ಏಳೇ ವರ್ಷದಲ್ಲಿ, 1477ರಲ್ಲಿ, ಗಡ್ಡದ ಎಬೆರ್‌ಹಾರ್ಡ್ ಎಂದು ಹೆಸರಾದ ದೊರೆ ವಿಶ್ವವಿದ್ಯಾಲಯ ಸ್ಥಾಪಿಸಿದ. ಅವನ ಸಮಾಧಿ ಈ ಚರ್ಚಿನೊಳಗಿದೆ. ಹೊರಗೆ ಉತ್ತರದ ಗೋಡೆಯ ಒಂದು ಕಿಟಕಿಯನ್ನು ತಲೆಯೆತ್ತಿ ನೋಡಿ: ಚಕ್ರಕ್ಕೆ ಕಟ್ಟಿ ಹಿಂಸಿಸಿದ ಮನುಷ್ಯನ ಕಲ್ಲಿನ ಆಕೃತಿ. ಅದು ಸಂತ ಜಾರ್ಜನ ಬಲಿದಾನದ ಕೆತ್ತನೆ. ಊರಿನವರ ಬಾಯಲ್ಲಿ ಬೇರೆ ಕತೆ. ಜೊತೆಗಾರನನ್ನು ಕೊಂದನೆಂದು ಒಬ್ಬ ಕಸುಬಿನ ಹುಡುಗನನ್ನು ಚಕ್ರಕ್ಕೇರಿಸಿದರಂತೆ. ಆಮೇಲೊಂದು ದಿನ ಸತ್ತನೆಂದುಕೊಂಡವನು ನಗುತ್ತ ಊರಿಗೆ ಮರಳಿದನಂತೆ. ಗೋಪುರ ತೆರೆದಿದ್ದರೆ ಹತ್ತಿ.

ಚರ್ಚಿನ ಪಕ್ಕದ ಮ್ಯುಂಟ್ಸ್‌ಗಾಸ್ಸೆ ಬೀದಿಯಲ್ಲಿ ಪ್ರಕಾಶಕ ಕೋಟಾನ ಮನೆ. 1797ರಲ್ಲಿ ಜರ್ಮನ್ ಮಹಾಕವಿ ಗಯಟೆ ಇಲ್ಲಿ ತಂಗಿದ್ದನೆಂದು ಗೋಡೆಯ ಮೇಲೆ ಗಂಭೀರ ಫಲಕವಿದೆ. ಪಕ್ಕದ ಮನೆಯಲ್ಲಿ ವಿದ್ಯಾರ್ಥಿಗಳು ಹಾಕಿದ ಇನ್ನೊಂದು ಫಲಕ: "ಇಲ್ಲಿ ಗಯಟೆ ವಾಂತಿ ಮಾಡಿಕೊಂಡ." ಶಾಕುಂತಲವನ್ನು ಹಾಡಿ ಹೊಗಳಿದವನ ಗತಿ ಇದು! ಅದೇ ಬೀದಿಯಲ್ಲಿ ತುಂಟ ವಿದ್ಯಾರ್ಥಿಗಳನ್ನು ಕೂಡಿಹಾಕುತ್ತಿದ್ದ ವಿಶ್ವವಿದ್ಯಾಲಯದ ಜೈಲೂ ಇದೆ.

ಪುರಸಭೆಯ ಚೌಕಕ್ಕೆ ಸೋಮವಾರ, ಬುಧವಾರ ಅಥವಾ ಶುಕ್ರವಾರ ಹೋದರೆ ಸಂತೆ ಸಿಗುತ್ತದೆ. 1435ರ ಪುರಸಭೆ ಕಟ್ಟಡದ ಮೈಮೇಲಿನ ಚಿತ್ತಾರ ಮಾತ್ರ 1876ರದು. ಮೇಲಿರುವ ಖಗೋಳ ಗಡಿಯಾರ 1511ರದು, ಗಣಿತದ ಪ್ರಾಧ್ಯಾಪಕ ಯೋಹಾನ್ನೆಸ್ ಷ್ಟೋಫ್ಲರನ ಕೈಚಳಕ. ಚೌಕದಿಂದ ಕೆಳಪೇಟೆಗೆ ಇಳಿಯಿರಿ. ಮೇಲೆ ಪ್ರಾಧ್ಯಾಪಕರು, ಕೆಳಗೆ ಆಮ್ಮರ್ ಕಾಲುವೆಯ ದಡದಲ್ಲಿ ದ್ರಾಕ್ಷಿ ಬೆಳೆಯುವ ಗೋಗೆನ್ ಜನ, ಹೀಗೆ ಊರು ಎರಡಾಗಿತ್ತು. ಒರಟು ಮಾತಿನ ಗೋಗೆನ್ ಪಂಡಿತರ ಕಾಲೆಳೆಯುವ ಜೋಕುಗಳು ಇವತ್ತಿಗೂ ಚಲಾವಣೆಯಲ್ಲಿವೆ. ಗೆಳತಿಯ ಗಂಡನಿಗೆ ನೂರಾರು ಗೊತ್ತು, ಅನುವಾದಿಸಿದರೆ ಒಂದೂ ನಗು ತರುವುದಿಲ್ಲ.

ಚಂದದ ಊರೆಂದು ಎಲ್ಲವೂ ಚಂದವಲ್ಲ. ಯೂದರ ಬೀದಿ ಎಂಬ ಹೆಸರು ಉಳಿದಿದೆ, ವಿಶ್ವವಿದ್ಯಾಲಯ ಸ್ಥಾಪಿಸಿದ ದೊರೆಯೇ ಯೂದರನ್ನು ಊರಿನಿಂದ ಹೊರಹಾಕಿದ. ಗಾರ್ಟೆನ್‌ಷ್ಟ್ರಾಸ್ಸೆಯಲ್ಲಿದ್ದ ಅವರ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರಿನಲ್ಲಿ ಸುಟ್ಟರು. ಅಲ್ಲೀಗ ಸ್ಮಾರಕವಿದೆ. ಹ್ಯೋಲ್ಡರ್‌ಲಿನ್ ಕವಿಯ ಸಮಾಧಿ ಹುಡುಕಿಕೊಂಡು ನಗರದ ಸ್ಮಶಾನಕ್ಕೆ ಹೋದರೆ, ನಾಜಿಗಳ ಕಾಲದಲ್ಲಿ ಅಂಗರಚನಾ ಶಾಸ್ತ್ರದ ವಿಭಾಗಕ್ಕೆ ಬಂದ ಬಲಿಪಶುಗಳ ಹೆಣಗಳನ್ನು ಹೂತ "ಎಕ್ಸ್" ಎಂಬ ಭಾಗವನ್ನೂ ನೋಡಿ ಬನ್ನಿ.

ಹಂತ 7: ಕನ್ನಡದ ಜಾಡು

ಇದಕ್ಕೆ ಅರ್ಧ ದಿನ ಬೇರೆಯೇ ಇಡಿ. ನಮ್ಮ ಭಾಷೆಯ ಚರಿತ್ರೆಯಲ್ಲಿ ಈ ಊರಿಗಿರುವ ಜಾಗ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರತಂದ ಹರ್ಮನ್ ಮೋಗ್ಲಿಂಗ್ ಇಲ್ಲಿ ದೇವತಾಶಾಸ್ತ್ರ ಓದಿದವರು. ನಾವು ಪ್ರತಿ ವರ್ಷ ಆ ದಿನ ಪತ್ರಿಕಾ ದಿನಾಚರಣೆ ಮಾಡುತ್ತೇವೆ. ದಾಸರ ಪದಗಳನ್ನು, ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದ ಅವರ ಕೆಲಸಕ್ಕೆ ಇದೇ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಕೂಡ ಇಲ್ಲಿಯ ವಿದ್ಯಾರ್ಥಿಯೇ. ಅವರ ಹಸ್ತಪ್ರತಿ ಸಂಗ್ರಹ ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದನ್ನು ಡಿಜಿಟಲ್ ಮಾಡಿದ್ದಾರೆ, ನಮ್ಮೂರಿನಲ್ಲೇ ಕೂತು ನೋಡಬಹುದು.

ಇನ್ನು ಕಿಟ್ಟೆಲ್. 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70 ಸಾವಿರ ಪದಗಳು. ಎರಡು ವರ್ಷದ ನಂತರ ಟ್ಯೂಬಿಂಗೆನ್ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಕೊನೆಗಾಲದಲ್ಲಿ ನೆಲೆಸಿದ್ದು ಈ ಊರಿನಲ್ಲೇ. ಕನ್ನಡ ವ್ಯಾಕರಣ 1903ರಲ್ಲಿ ಅಚ್ಚಾಯಿತು, ಅದೇ ವರ್ಷ ಡಿಸೆಂಬರಿನಲ್ಲಿ ಇಲ್ಲೇ ತೀರಿಕೊಂಡರು. ಅರಿಸಮಾಸ, ಗಮಕಸಮಾಸ ಎಂದು ತಲೆ ಕೆಡಿಸಿಕೊಂಡ ಮುದುಕರೊಬ್ಬರು ಇದೇ ಕಲ್ಲುಹಾಸಿನ ಮೇಲೆ ಕೋಲೂರಿ ನಡೆದಿರಬೇಕಲ್ಲ ಎಂದು ಮಳೆಯಲ್ಲಿ ನಿಂತು ಯೋಚಿಸಿದ್ದುಂಟು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆಯ ಕೆಳಗೆ ನಿಂತಾಗ ಎಂದೂ ಹಾಗನ್ನಿಸಿರಲಿಲ್ಲ.

ಜಾಡು ಹೀಗೆ ಹಿಡಿಯಿರಿ: ಮೊದಲು ಎವಾಂಗೆಲಿಷೆಸ್ ಷ್ಟಿಫ್ಟ್, 1536ರಲ್ಲಿ ಶುರುವಾದ ದೇವತಾಶಾಸ್ತ್ರದ ವಿದ್ಯಾರ್ಥಿನಿಲಯ. ಖಗೋಳ ವಿಜ್ಞಾನಿ ಕೆಪ್ಲರ್ ಇಲ್ಲಿ ಓದಿದ. ತತ್ತ್ವಜ್ಞಾನಿಗಳಾದ ಹೆಗೆಲ್, ಷೆಲಿಂಗ್, ಕವಿ ಹ್ಯೋಲ್ಡರ್‌ಲಿನ್ ಮೂವರೂ ಒಂದೇ ಕೋಣೆಯಲ್ಲಿದ್ದರು. ಹಾಸ್ಟೆಲ್ ರೂಂಮೇಟ್‌ಗಳ ಬಗ್ಗೆ ಹೆಮ್ಮೆ ಇರುವವರು ಇಲ್ಲಿ ಸ್ವಲ್ಪ ಬಾಗಬೇಕು. ಅಲ್ಲಿಂದ ಹೋಲ್ಟ್ಸ್‌ಮಾರ್ಕ್ಟ್ ಚೌಕದ ಹೆಕೆನ್‌ಹೌವರ್ ಪುಸ್ತಕದಂಗಡಿ. ಕಾದಂಬರಿಕಾರ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಇಲ್ಲಿ ಪುಸ್ತಕ ಮಾರುವ ಕೆಲಸದಲ್ಲಿದ್ದ. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ಗುಂಡರ್ಟರ ಮಗಳು ಆಕೆ. ಕಿಟ್ಟೆಲರಿಗೆ ಡಾಕ್ಟರೇಟ್ ಬಂದ ವರ್ಷ ಆ ಹುಡುಗ ಚರ್ಚಿನೆದುರು ಪುಸ್ತಕದ ಧೂಳು ಹೊಡೆಯುತ್ತಿದ್ದ.

ಹಂತ 8: ಕೋಟೆ

ಹೋಹೆನ್‌ಟ್ಯೂಬಿಂಗೆನ್ ಕೋಟೆಗೆ ಹತ್ತುವ ದಾರಿ ಕಡಿದು, ಆದರೆ ಚಿಕ್ಕದು. ಒಳಗಿರುವುದು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ. ಸೋಮವಾರ, ಮಂಗಳವಾರ ಬಿಟ್ಟು ಹೋಗಿ.

ಈಜಿಪ್ಟಿನ ಗೋರಿಯ ಕೋಣೆ, ಗ್ರೀಕ್ ಶಿಲ್ಪದ ಅಚ್ಚುಗಳೆಲ್ಲ ಇವೆ, ಕಾಲಿದ್ದರೆ ನೋಡಿ. ಬಿಡಬಾರದ್ದು ಒಂದು ಕುದುರೆ. ಐದು ಸೆಂಟಿಮೀಟರೂ ಇಲ್ಲ, ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಗುಸ್ಟಾವ್ ರೀಕ್ ಅಗೆದು ತೆಗೆದರು. ವಯಸ್ಸು ಹತ್ತಿರಹತ್ತಿರ 40,000 ವರ್ಷ. ಕುತ್ತಿಗೆಯ ಬಾಗು ನೋಡಿದರೆ ಕೆತ್ತಿದವನಿಗೆ ಕುದುರೆ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಈ ಆಕೃತಿಗಳು ಸಿಕ್ಕ ಗುಹೆಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕತ್ತಲ ಕೋಣೆಯಲ್ಲಿ ಅದರ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಐದು ನಿಮಿಷಕ್ಕೆ ಹೊರಡಬೇಕಾಗುತ್ತಿತ್ತು.

ಕೆಳಗೆ ಹಳೆಯ ಅಡುಗೆಮನೆ. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ತರುಣ ಆಸ್ಪತ್ರೆಯಿಂದ ಕೀವು ಮೆತ್ತಿದ ಬ್ಯಾಂಡೇಜು ತರಿಸಿ, ಆ ಜೀವಕೋಶಗಳಿಂದ ಒಂದು ಹೊಸ ವಸ್ತು ಬೇರ್ಪಡಿಸಿದ. ನ್ಯೂಕ್ಲಿನ್ ಎಂದು ಕರೆದ. ನಾವೀಗ ಡಿಎನ್‌ಎ ಎನ್ನುವುದರ ಮೊದಲ ಗುರುತು ಅದು. ಅಡುಗೆಮನೆಯೇ ಆಗ ಪ್ರಯೋಗಾಲಯವಾಗಿತ್ತು. ಗೆಳತಿ ಈ ಊರಿಗೆ ಬಂದದ್ದು ಅದೇ ಡಿಎನ್‌ಎಯ ಬೆನ್ನು ಹತ್ತಿ. ಇದನ್ನು ನಾನು ಕಂಡು ಬಂದು ಹೇಳಿದಾಗ, ಇಪ್ಪತ್ತು ವರ್ಷದಲ್ಲಿ ತಾನು ಅಲ್ಲಿಗೆ ಹೋಗಿದ್ದು ಒಂದೇ ಸಲ ಎಂದು ಒಪ್ಪಿಕೊಂಡಳು.

ಹಂತ 9: ನದಿಯನ್ನು ಗೆಳೆಯರಿಗಾಗಿ ಉಳಿಸಿ

ಇಲ್ಲಿಯವರೆಗಿನದು ಒಬ್ಬರೇ ಮಾಡುವಂಥದ್ದು. ಇದು ಮಾತ್ರ ಒಬ್ಬರೇ ಮಾಡಿದರೆ ರುಚಿಯಿಲ್ಲ. ಷ್ಟೊಖರ್‌ಕಾನ್ ಎಂದರೆ ಚಪ್ಪಟೆ ತಳದ ಉದ್ದನೆಯ ಮರದ ದೋಣಿ. ಹಿಂದೆ ನಿಂತವರು ಉದ್ದ ಗಳು ಹಿಡಿದು ನದಿಯ ತಳಕ್ಕೆ ಊರಿ ನೂಕುತ್ತಾರೆ, ನಮ್ಮ ಹರಿಗೋಲಿನ ಅಂಬಿಗರಂತೆ. ಟಿಕೆಟ್ ಕೊಟ್ಟು ಏರುವ ದೋಣಿಗಳು ಹ್ಯೋಲ್ಡರ್‌ಲಿನ್ ಗೋಪುರದ ಹತ್ತಿರ ಸಿಗುತ್ತವೆ. ಗೆಳೆಯರ ಪರಿಚಯದ ಯಾರದ್ದಾದರೂ ದೋಣಿ ಸಿಕ್ಕರೆ ಇನ್ನೂ ಒಳ್ಳೆಯದು, ಅದನ್ನು ಅವರಿಗೇ ಬಿಡಿ. ನೀವು ಬುತ್ತಿ ಕಟ್ಟಿ. ಚಿತ್ರಾನ್ನ ದೋಣಿಗೆ ಒಗ್ಗುತ್ತದೆ, ತಣ್ಣಗಾದರೂ ಕೆಡುವುದಿಲ್ಲ.

ದೋಣಿ ಹಾದುಹೋಗುವ ಹಳದಿ ಗೋಪುರದಲ್ಲಿ ಹ್ಯೋಲ್ಡರ್‌ಲಿನ್ 1807ರಿಂದ 1843ರವರೆಗೆ, ಸಾಯುವ ತನಕ, 36 ವರ್ಷ ಇದ್ದ. ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಆಸ್ಪತ್ರೆ ಕೈಬಿಟ್ಟ ಕವಿಯನ್ನು ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ ಮನೆಗೆ ಕರೆತಂದು ಸಾಕಿದ. ಅವನ ಬರಹ ಓದಿ ಮೆಚ್ಚಿದ್ದನಂತೆ, ಅಷ್ಟೇ ನಂಟು. ಗೋಪುರ 1875ರಲ್ಲಿ ಸುಟ್ಟು ಮತ್ತೆ ಕಟ್ಟಿದ್ದು. ಅತಿಥಿ ಎಷ್ಟು ರಾತ್ರಿ ಉಳಿಯಬಹುದೆಂಬ ನನ್ನ ಲೆಕ್ಕವೆಲ್ಲ ಈ ಬಡಗಿಯ ಮುಂದೆ ತಲೆತಗ್ಗಿಸುತ್ತದೆ.

ಜೂನಿನಲ್ಲಿ ಹೋಗುವವರು ಈಸ್ಟರ್ ಕಳೆದು 60 ದಿನಕ್ಕೆ ಬರುವ ಫ್ರೋನ್‌ಲೈಖ್‌ನಾಮ್ ಎಂಬ ಕ್ರೈಸ್ತ ಹಬ್ಬದ ಗುರುವಾರವನ್ನು ಗುರುತಿಟ್ಟುಕೊಳ್ಳಿ. ಆ ದಿನ ದೋಣಿ ಪಂದ್ಯ, 1956ರಿಂದ ನಡೆದು ಬಂದದ್ದು. ವೇಷ ಹಾಕಿದ ವಿದ್ಯಾರ್ಥಿ ತಂಡಗಳು ಸೇತುವೆಯ ಕೆಳಗಿನ ಇಕ್ಕಟ್ಟಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕೊನೆಗೆ ಬಂದ ತಂಡದ ಪ್ರತಿಯೊಬ್ಬರೂ ಎಲ್ಲರ ಮುಂದೆ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯದ ವ್ಯವಸ್ಥೆಯೂ ಅವರದೇ. ಪಂದ್ಯ ಮಧ್ಯಾಹ್ನ, ಆದರೆ ಜಾಗ ಹಿಡಿಯಲು ಊಟದ ಹೊತ್ತಿಗೇ ದಡ ಸೇರಬೇಕು.

ಜರ್ಮನರ ಮನೆಗೆ ಕರೆ ಬಂದರೆ ಹೆಚ್ಚಾಗಿ ಮಧ್ಯಾಹ್ನ ಮೂರೂವರೆಯ ಕಾಫಿ, ಕೇಕಿಗೆ. ಮೂರೂವರೆ ಎಂದರೆ ಮೂರೂವರೆ. ಕೀಲಿ ಕೊಟ್ಟು ಕಾಪಾಡಿದ ಕೆಳಮನೆಯ ಅಜ್ಜಿ ಕರೆದಾಗ ನಾನು ಹತ್ತು ನಿಮಿಷ ಮೊದಲೇ ಬಾಗಿಲು ಬಡಿದೆ, ಗೌರವವೆಂದು. ಅವರಿನ್ನೂ ಏಪ್ರನ್ನಿನಲ್ಲಿದ್ದರು. ಬೇಗ ಹೋಗುವುದೂ ಅಲ್ಲಿ ತಪ್ಪೇ.

ಹಂತ 10: ಊಟ

ಶಾಕಾಹಾರಿಗಳಿಗೆ ಕೇಸೆಷ್ಪೇಟ್ಸ್ಲೆ ಅನ್ನಪೂರ್ಣೆ ಇದ್ದಂತೆ: ಹಿಟ್ಟು, ಮೊಟ್ಟೆಯ ಚಿಕ್ಕ ಶಾವಿಗೆ, ಕರಗಿದ ಗಿಣ್ಣು, ಮೇಲೆ ಹುರಿದ ಈರುಳ್ಳಿ. ಮೊಟ್ಟೆಯೂ ಬೇಡವೆಂದರೆ ಕಷ್ಟ, ಮೊದಲೇ ಹೇಳಿ. ಮೋಸ ಹೋಗುವುದು ಆಲೂಗಡ್ಡೆ ಸಲಾಡಿನಲ್ಲಿ. ನೋಡಲು ಸಾಧು, ಶ್ವಾಬಿಯದ ಪದ್ಧತಿಯಲ್ಲಿ ಅದಕ್ಕೆ ಮಾಂಸದ ಸಾರು ಹಾಕುತ್ತಾರೆ. ಬೇಳೆ ಮತ್ತು ಷ್ಪೇಟ್ಸ್ಲೆಯಲ್ಲೂ ಹಂದಿಯ ತುಣುಕು ಸಾಮಾನ್ಯ. ಮೌಲ್ಟಾಷೆನ್ ಎಂಬ ಕಡುಬಿಗೆ ಮೂಲದಲ್ಲಿ ಮಾಂಸದ ಹೂರಣ. ಉಪವಾಸದ ದಿನ ದೇವರಿಗೆ ಕಾಣದಂತೆ ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟರೆಂದು ಅದಕ್ಕೆ "ದೇವರಿಗೆ ಟೋಪಿ" ಎನ್ನುವ ಅರ್ಥದ ಅಡ್ಡಹೆಸರಿದೆ. ತರಕಾರಿಯದೂ ಸಿಗುತ್ತದೆ.

ಬೀದಿಯಲ್ಲಿ ಕಾಫಿ ಕಟ್ಟಿಸಿಕೊಂಡರೆ ಲೋಟಕ್ಕೆ ಹೆಚ್ಚು ಬಿಲ್ಲು ಬರುತ್ತದೆ. 2022ರ ಜನವರಿಯಿಂದ ಬಿಸಾಡುವ ಲೋಟ, ತಟ್ಟೆಗೆ 50 ಸೆಂಟು, ಚಮಚಕ್ಕೆ 20 ಸೆಂಟು ಪುರಸಭೆಯ ತೆರಿಗೆ. ಮೊಕದ್ದಮೆ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು, ಊರೇ ಗೆದ್ದಿತು. ಒಂದು ಸ್ಟೀಲ್ ಲೋಟ ಚೀಲದಲ್ಲಿರಲಿ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶನಿವಾರವೇ ತರಕಾರಿ ತಂದು, ಭಾನುವಾರದ ಅಡುಗೆ ನಿಮ್ಮದೆಂದು ಹೇಳಿಬಿಡಿ. ನಾನು ಎಣ್ಣೆಗಾಯಿ ಮಾಡಿದೆ, ರೊಟ್ಟಿ ಊರಿನಿಂದ ಹೋಗಿತ್ತು. ಆ ಮಧ್ಯಾಹ್ನ ಮೂರು ತಾಸು ಯಾರೂ ಮೇಜು ಬಿಟ್ಟು ಏಳಲಿಲ್ಲ. ಹಾಸ್ಟೆಲ್ಲಿನ ಮೆಸ್ಸು, ಕರ್ನಾಟಕ ಕಾಲೇಜಿನ ಮರಗಳು, ಆಗ ಮಾತು ಬಿಟ್ಟಿದ್ದಕ್ಕೆ ಕಾರಣ, ಎಲ್ಲ ಬಂತು.

ಹಂತ 11: ಒಂದು ದಿನ ಊರ ಹೊರಗೆ

ಒಂದೇ ಆರಿಸುವುದಾದರೆ ಬೆಬೆನ್‌ಹೌಸೆನ್ ಮಠ. ಐದಾರು ಕಿಲೋಮೀಟರ್, ಬಸ್ಸಿದೆ, ಷ್ಯೋನ್‌ಬುಖ್ ಕಾಡಿನ ಅಂಚು. 12ನೇ ಶತಮಾನದ ಕೊನೆಯಲ್ಲಿ ಶುರುವಾದ ಮಠ, ಮುಂದೆ ರಾಜರ ಬೇಟೆಯ ಅರಮನೆ. ವ್ಯುರ್ಟೆಂಬೆರ್ಗಿನ ಕೊನೆಯ ರಾಜ ಎರಡನೇ ವಿಲ್‌ಹೆಲ್ಮ್ ಪಟ್ಟ ಬಿಟ್ಟ ಮೇಲೆ ಇಲ್ಲಿದ್ದು 1921ರಲ್ಲಿ ತೀರಿಕೊಂಡ. ನಡೆಯುವವರಿಗೆ ಕೋಟೆಯ ಹಿಂದಿನಿಂದ ಗುಡ್ಡದ ಏಣಿನ ಮೇಲೆ ವುರ್ಮ್‌ಲಿಂಗೆನ್ ಗುಡಿಯತ್ತ ಹೋಗುವ ದಾರಿಯಿದೆ, ಹೋಗಿ ಬರಲು ಅರ್ಧ ದಿನ. ಹೆಖಿಂಗೆನ್ ಬಳಿಯ ಹೋಹೆನ್‌ತ್ಸೋಲೆರ್ನ್ ಕೋಟೆ ದೂರದಿಂದಲೇ ಚೆನ್ನ. ಒಳಗೆ ಜನಜಂಗುಳಿ.

ಹಂತ 12: ಹೊರಡುವುದು

ಹಾಸಿಗೆಯ ಬಟ್ಟೆ ಕಳಚಿ ಮಡಿಸಿಡಿ. ಕೀಲಿ ಹಿಂದಿರುಗಿಸಿ, ಮರೆತು ಒಯ್ದರೆ ಇಡೀ ಕಟ್ಟಡದ ಬೀಗ ಬದಲಿಸಬೇಕಾದೀತು. ಕೂಡಿಟ್ಟ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಬನ್ನಿ. ವಾರದ ದಿನವಾದರೆ ಸ್ಟೇಷನ್ನಿಗೆ ಬರಬೇಡಿ ಎಂದು ಗೆಳೆಯರಿಗೆ ಗಟ್ಟಿಯಾಗಿ ಹೇಳಿ.

ನನ್ನವಳು ಕೇಳಲಿಲ್ಲ. ಪ್ರಯೋಗಾಲಯದಿಂದ ಸೈಕಲ್ಲಿನಲ್ಲಿ ಬಂದು, ದಾರಿಗೆಂದು ಬೆಣ್ಣೆ ಸವರಿದ ಬ್ರೆಟ್ಸೆಲ್ ಎಂಬ ತಿರುಚಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ರೈಲಿಗೆ ಎರಡು ನಿಮಿಷವಿತ್ತು. "ಶೇಂಗಾ ಚಟ್ನಿ ಡಬ್ಬಿ ಖಾಲಿ ಆಗೇದ, ನಿನ್ನಿ ರಾತ್ರಿ ನೋಡಿದೆ" ಅಂದಳು. ಐದು ದಿನದಲ್ಲಿ ಒಂದು ಕಿಲೋ. ಗಂಡ ದಿನಾ ಬೆಳಗ್ಗೆ ಅದನ್ನು ಬ್ರೆಟ್ಸೆಲ್ಲಿನ ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದಿದ್ದನಂತೆ. ಕಾಗದ ಬಿಚ್ಚಿ ನೋಡಿದರೆ ನನ್ನದರ ಮೇಲೂ ಉದುರಿಸಿದ್ದರು, ಡಬ್ಬಿಯ ತಳದಲ್ಲಿದ್ದದ್ದು. ನೀವು ಎರಡು ಕಿಲೋ ಒಯ್ಯಿರಿ.